ಥೆರಪಿ ಮತ್ತು ಥೆರಪಿಸ್ಟರ ಭೇಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಿಂದ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ತೊಂದರೆ ಶುರುವಾಗಿ ಎರಡು ಮೂರು ವರ್ಷ ಕಳೆದ ಮೇಲೆ ಬರುತ್ತಾರೆ. ಆ ವರ್ಷಗಳು ಮಿರಜಿನ ಹೃದಯ ತಪಾಸಣೆಗೆ, ಸೊಲ್ಲಾಪುರದ ಸ್ಕ್ಯಾನಿಂಗಿಗೆ, ಹರಕೆಗೆ, ‘ಇಷ್ಟಕ್ಕೆಲ್ಲ ಡಾಕ್ಟರ್ ಯಾಕ’ ಎಂಬ ಮನೆಯವರ ಮಾತಿಗೆ ಖರ್ಚಾಗಿರುತ್ತವೆ. ಬೇಗ ಬಂದಿದ್ದರೆ ಅಷ್ಟು ನೋಯಬೇಕಾಗಿರಲಿಲ್ಲ ಎಂದು ಅವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಥೆರಪಿಗೆ, ಅಂದರೆ ಮಾತು ಮತ್ತು ಅಭ್ಯಾಸಗಳ ಮೂಲಕ ಮನಸ್ಸಿನ ತೊಂದರೆಗೆ ಕೊಡುವ ಚಿಕಿತ್ಸೆಗೆ, ಬರದಂತೆ ಅವರನ್ನು ತಡೆದ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡು ಉತ್ತರಿಸಿದ್ದೇನೆ. ಉದಾಹರಣೆಗಳಲ್ಲಿ ಬರುವ ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಥೆರಪಿಗೆ ಹೋಗುವವರೆಲ್ಲ ತಲೆ ಕೆಟ್ಟವರೇ?

ನಮ್ಮ ಭಾಗದಲ್ಲಿ ಯಾರಾದರೂ ವಿಚಿತ್ರವಾಗಿ ವರ್ತಿಸಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕ್ ನೋಡ್ರಿ’ ಎನ್ನುವ ಮಾತು ತಲೆಮಾರುಗಳಿಂದ ನಡೆದು ಬಂದಿದೆ. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆ ಇರುವುದೇ ಇದಕ್ಕೆ ಕಾರಣ. ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಗಿದ್ದು, ಅಲ್ಲಿನ ಹೊರರೋಗಿ ವಿಭಾಗಕ್ಕೆ ಬಂದವರು ಚೀಟಿ ಮಾಡಿಸಿ, ತೋರಿಸಿಕೊಂಡು, ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾರೆ. ಮಾತು ಮಾತ್ರ ಹಳೆಯ ಗೋಡೆ, ಹಳೆಯ ಸರಪಳಿಗಳ ಕಾಲದಲ್ಲೇ ನಿಂತಿದೆ.

ಥೆರಪಿಗೆ ಬರುವವರಲ್ಲಿ ಬಹುಪಾಲು ಜನ ಅಂಗಡಿ ನಡೆಸುತ್ತಿರುವವರು, ಪಾಠ ಹೇಳುತ್ತಿರುವವರು, ಪರೀಕ್ಷೆಗೆ ಓದುತ್ತಿರುವವರು. ಅವರಿಗೆ ನಿದ್ದೆ ಬರುವುದಿಲ್ಲ, ಎದೆ ಝಲ್ ಎನ್ನುತ್ತದೆ, ಬೀಗ ಹಾಕಿದ್ದೇನೋ ಇಲ್ಲವೋ ಎಂದು ಹತ್ತು ಬಾರಿ ನೋಡಬೇಕೆನಿಸುತ್ತದೆ, ತೀರಿಹೋದ ಮಗನ ಬಟ್ಟೆಯನ್ನು ಕಪಾಟಿನಿಂದ ತೆಗೆಯಲಾಗುವುದಿಲ್ಲ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತ್ತು. ಅಂದರೆ ಹತ್ತು ಜನರಿರುವ ಕಟ್ಟೆಯ ಮೇಲೆ ಸರಿಸುಮಾರು ಒಬ್ಬರು.

ಬರೀ ಮಾತಿನಿಂದ ಏನಾಗುತ್ತದೆ? ಮಾತನಾಡಲು ಮನೆಯವರು, ಗೆಳೆಯರು ಇದ್ದಾರಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದು ಪ್ರಸಂಗದಿಂದಲೇ ಉತ್ತರಿಸುವುದು ಮೇಲು.

ರಬಕವಿ-ಬನಹಟ್ಟಿ ಕಡೆಯ ನೇಕಾರರೊಬ್ಬರು ಒಂದು ಪ್ಲಾಸ್ಟಿಕ್ ಚೀಲದ ತುಂಬ ಹನ್ನೊಂದು ಇಸಿಜಿಗಳನ್ನು ಹೊತ್ತು ಬಂದರು. ಎಲ್ಲವೂ ಸರಿಯಾಗಿದ್ದವು, ಹೃದಯ ತಜ್ಞರೂ ಹಾಗೆಯೇ ಬರೆದುಕೊಟ್ಟಿದ್ದರು. ಆದರೂ ವಾರಕ್ಕೆ ಎರಡು ಮೂರು ಬಾರಿ, ಮಗ್ಗದ ಮುಂದೆ ಕೂತಿರುವಾಗಲೇ, ‘ಎದಿ ಢವಢವ ಬಡಿಯಾಕ ಹತ್ತತೈತ್ರಿ, ಕೈ ಜುಮ್ ಅಂತಾವ, ಈಗ ಬಿದ್ದ ಹೋಗ್ತೀನಿ ಅನಸ್ತೈತಿ’ ಎಂದರು. ಹೆಂಡತಿ ‘ಏನೂ ಆಗಂಗಿಲ್ಲ’ ಎನ್ನುತ್ತಿದ್ದರು, ಗೆಳೆಯರು ‘ಧೈರ್ಯ ತಗೋ’ ಎನ್ನುತ್ತಿದ್ದರು. ಪ್ರೀತಿಯಿಂದ ಹೇಳಿದ ಆ ಮಾತುಗಳಿಂದ ಅವರಿಗೆ ಅರ್ಧ ಗಂಟೆಯ ಸಮಾಧಾನವಷ್ಟೇ ಸಿಗುತ್ತಿತ್ತು. ಕ್ರಮೇಣ ಅವರು ಸೈಕಲ್ ಬಿಟ್ಟರು, ಮಾಳಿಗೆ ಹತ್ತುವುದನ್ನು ಬಿಟ್ಟರು, ಒಳಗಿನ ಮಗ್ಗವನ್ನು ತಮ್ಮನಿಗೆ ಕೊಟ್ಟು ಬಾಗಿಲ ಹತ್ತಿರದ ಮಗ್ಗಕ್ಕೆ ಬಂದರು.

ಇದು ಪ್ಯಾನಿಕ್ ತೊಂದರೆ. ಅಪಾಯ ಬಂದಾಗ ಓಡಲು ಸಿದ್ಧಗೊಳಿಸುವ ದೇಹದ ವ್ಯವಸ್ಥೆಯು ಅಪಾಯವಿಲ್ಲದಾಗಲೂ ಚಾಲೂ ಆಗಿ, ಹೃದಯದ ಬಡಿತವನ್ನು ಏರಿಸುತ್ತದೆ. ಆ ಬಡಿತವನ್ನೇ ಸಾವಿನ ಸೂಚನೆ ಎಂದು ತಿಳಿದಾಗ ಹೆದರಿಕೆ ಇಮ್ಮಡಿಸುತ್ತದೆ. ಹೆದರಿಕೆಯಿಂದ ಬಡಿತ ಇನ್ನೂ ಏರುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುತ್ತತುದಿಗೆ ಹೋಗಿ ತಾನಾಗಿ ಇಳಿಯುವ ಈ ಅಲೆ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಕಾಣುವ ಅವಕಾಶವೇ ಅವರಿಗೆ ಸಿಕ್ಕಿರಲಿಲ್ಲ, ಏಕೆಂದರೆ ಪ್ರತಿ ಬಾರಿಯೂ ಅಷ್ಟರಲ್ಲಿ ಆಸ್ಪತ್ರೆ ಸೇರಿರುತ್ತಿದ್ದರು.

ಮೂರನೆಯ ಭೇಟಿಯಲ್ಲಿ ನಾವಿಬ್ಬರೂ ಕೋಣೆಯಲ್ಲಿ ನಿಂತಲ್ಲೇ ಒಂದು ನಿಮಿಷ ಓಡಿದೆವು. ಓಡುವ ಮುಂಚೆ ಏನಾಗುತ್ತದೆ ಎಂದು ಅವರು ಚೀಟಿಯಲ್ಲಿ ಬರೆದದ್ದು ‘ಬೀಳತೀನಿ’ ಎಂಬ ಒಂದೇ ಶಬ್ದ. ಎದೆ ಹೊಡೆದುಕೊಂಡಿತು, ಬೆವರು ಬಂತು, ಬೀಳಲಿಲ್ಲ. ಆ ಚೀಟಿಯನ್ನು ಅವರು ಬಹಳ ಹೊತ್ತು ನೋಡುತ್ತ ಕೂತರು. ಮುಂದಿನ ವಾರಗಳಲ್ಲಿ ಮನೆಯಲ್ಲಿ ಇದೇ ಅಭ್ಯಾಸ, ನಂತರ ಮಾಳಿಗೆಯ ಮೆಟ್ಟಿಲು, ನಂತರ ಸೈಕಲ್, ಕೊನೆಗೆ ಒಳಗಿನ ಮಗ್ಗ. ಹೃದಯ ಗಟ್ಟಿಯಾಗಿದೆ ಎಂದು ವೈದ್ಯರು ಖಚಿತಪಡಿಸಿದ ಮೇಲೆಯೇ ಹೀಗೆ ಮಾಡುತ್ತೇವೆ ಎಂಬುದನ್ನು ದಯವಿಟ್ಟು ಗಮನಿಸಿ.

ಥೆರಪಿಯಲ್ಲಿ ಮಾತು ಇರುತ್ತದೆ, ಆದರೆ ಆ ಮಾತಿಗೆ ಒಂದು ಲೆಕ್ಕಾಚಾರ ಇರುತ್ತದೆ, ವಾರದಿಂದ ವಾರಕ್ಕೆ ಮಾಡಿಕೊಂಡು ಬರಬೇಕಾದ ಕೆಲಸ ಇರುತ್ತದೆ. ಗೆಳೆಯ ನಿಮ್ಮ ಹೆದರಿಕೆಯನ್ನು ಕಂಡು ತಾನೂ ಮರುಗುತ್ತಾನೆ, ಇಲ್ಲವೇ ಮಾತು ಬದಲಿಸುತ್ತಾನೆ. ಅವನ ಪ್ರೀತಿ ನಿಮಗೆ ಬೇಕೇ ಬೇಕು. ಚಿಕಿತ್ಸೆಯ ಹೊಣೆಯನ್ನು ಮಾತ್ರ ಅವನ ಮೇಲೆ ಹೊರಿಸಬಾರದು.

ಇದು ಕೆಲಸ ಮಾಡುತ್ತದೆ ಎನ್ನಲು ಪುರಾವೆ ಇದೆಯೇ?

ಇದೆ. ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಆಲೋಚನೆ-ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿ, ಖಿನ್ನತೆ ಮತ್ತು ಆತಂಕಗಳಲ್ಲಿ ನೂರಾರು ಅಧ್ಯಯನಗಳಿಗೆ ಒಳಪಟ್ಟಿದೆ. ನನಗೆ ಹೆಚ್ಚು ಭರವಸೆ ಕೊಟ್ಟದ್ದು ಬೆಳಗಾವಿಯ ಪಕ್ಕದ ಗೋವಾದಲ್ಲಿ ನಡೆದ ಪ್ರಯೋಗ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯಕೀಯದ ಪದವಿಯಿಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆಯಿದ್ದವರಿಗೆ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ಕೊಡಿಸಿದರು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ತಿಂಗಳಾದಾಗ ಈ ಚಿಕಿತ್ಸೆ ಪಡೆದವರಲ್ಲಿ ಶೇ. 64ರಷ್ಟು ಮಂದಿ ಚೇತರಿಸಿಕೊಂಡಿದ್ದರು; ಪಡೆಯದವರಲ್ಲಿ ಆ ಪ್ರಮಾಣ ಶೇ. 39.

ಆ ಚಿಕಿತ್ಸೆಯ ತಿರುಳು ಸರಳವಾದದ್ದು. ಖಿನ್ನತೆ ಬಂದವರು ‘ಮನಸ್ಸು ಬಂದಾಗ ಏಳುತ್ತೇನೆ’ ಎಂದು ಮಲಗಿಯೇ ಇರುತ್ತಾರೆ, ಮಲಗಿದ್ದಷ್ಟೂ ಮನಸ್ಸು ಕುಸಿಯುತ್ತದೆ. ಆದ್ದರಿಂದ ಮನಸ್ಸಿಗಾಗಿ ಕಾಯದೆ ಸಣ್ಣದೊಂದು ಕೆಲಸದಿಂದ ತೊಡಗುತ್ತಾರೆ: ಬೆಳಗಿನ ಎಂಟರೊಳಗೆ ಸ್ನಾನ, ಬಾವಿಯವರೆಗೆ ನಡೆದು ಬರುವುದು, ಸಂಜೆ ಕಟ್ಟೆಯ ಮೇಲೆ ಹದಿನೈದು ನಿಮಿಷ. ಮನೆಯವರು ಹೇಳುವ ‘ಎದ್ದು ಓಡ್ಯಾಡು’ ಎಂಬುದಕ್ಕೂ ಇದಕ್ಕೂ ವ್ಯತ್ಯಾಸವಿರುವುದು ಅಳತೆಯಲ್ಲಿ. ಆಗದಷ್ಟು ದೊಡ್ಡ ಕೆಲಸ ಹೇಳಿದರೆ ರೋಗಿ ಸೋಲುತ್ತಾನೆ, ಸೋತವನಿಗೆ ತಾನು ನಾಲಾಯಕ್ ಎಂಬುದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ.

ಗಂಡನನ್ನು ಬಿಡಬೇಕೇ, ನೌಕರಿ ಬಿಡಬೇಕೇ ಎಂದು ಥೆರಪಿಸ್ಟ್ ಹೇಳುತ್ತಾರೆಯೇ?

ಇಲ್ಲ. ಅಂಥ ತೀರ್ಮಾನಗಳನ್ನು ನಿಮ್ಮ ಪರವಾಗಿ ತೆಗೆದುಕೊಳ್ಳುವವರು ಒಳ್ಳೆಯ ಥೆರಪಿಸ್ಟರಲ್ಲ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಸುರಕ್ಷತೆಯ ಮಾತನ್ನು ಮಾತ್ರ ನೇರವಾಗಿಯೇ ಆಡುತ್ತೇವೆ.

ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು ಎಲ್ಲರೂ ಒಂದೇ ಅಲ್ಲವೇ?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯದಲ್ಲಿ ಎಂಡಿ ಅಥವಾ ಅದಕ್ಕೆ ಸಮನಾದ ಓದು ಮಾಡಿದವರು. ಗುಳಿಗೆ ಬರೆದುಕೊಡುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟರು, ಅಂದರೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಮನಸ್ಸಿನ ಪರೀಕ್ಷೆಗಳನ್ನೂ ಥೆರಪಿಯನ್ನೂ ಮಾಡುತ್ತಾರೆ, ಗುಳಿಗೆ ಬರೆಯುವುದಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ರೋಗಿಯ ಜೊತೆಗೆ ಕುಟುಂಬವನ್ನೂ ನೋಡಿಕೊಳ್ಳುತ್ತಾರೆ. ‘ಆಪ್ತಸಮಾಲೋಚಕ’ ಅಥವಾ ‘ಕೌನ್ಸೆಲರ್’ ಎಂಬ ಫಲಕದ ಹಿಂದೆ ಮಾತ್ರ ಎರಡು ವರ್ಷ ಆಸ್ಪತ್ರೆಯಲ್ಲಿ ಪಳಗಿದವರೂ ಇರಬಹುದು, ಎರಡು ವಾರದ ಆನ್‌ಲೈನ್ ತರಬೇತಿ ಮುಗಿಸಿದವರೂ ಇರಬಹುದು. ‘ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿದ್ದೀರಿ’ ಎಂದು ಕೇಳುವುದು ಅವಮರ್ಯಾದೆಯಲ್ಲ. ಹಾಗೆ ಕೇಳಿದ್ದಕ್ಕೆ ಸಿಟ್ಟಾಗುವವರ ಬಳಿ ಎರಡನೆಯ ಬಾರಿ ಹೋಗಬೇಡಿ.

ಗುಳಿಗೆ ಶುರು ಮಾಡಿದರೆ ಚಟವಾಗುತ್ತದಂತೆ. ಥೆರಪಿ ಇದ್ದರೆ ಗುಳಿಗೆ ಬೇಡವೇ?

ಎರಡು ಬೇರೆ ಬೇರೆ ಬಗೆಯ ಗುಳಿಗೆಗಳನ್ನು ಜನ ಒಂದೇ ಎಂದು ತಿಳಿದಿದ್ದಾರೆ. ಖಿನ್ನತೆ ನಿವಾರಕಗಳು ಚಟ ಹಿಡಿಸುವುದಿಲ್ಲ. ಅವುಗಳ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನಿಲ್ಲಿಸುವಾಗ ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ಜನ ‘ನಿದ್ದಿ ಗುಳಿಗಿ’ ಎಂದು ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಕೆಲವು ಮಾತ್ರೆಗಳು ಮಾತ್ರ ತಿಂಗಳುಗಟ್ಟಲೆ ತೆಗೆದುಕೊಂಡರೆ ನಿಜವಾಗಿಯೂ ಅವಲಂಬನೆ ತರುತ್ತವೆ. ವಿಪರ್ಯಾಸವೆಂದರೆ ಮೊದಲನೆಯದಕ್ಕೆ ಹೆದರುವವರೇ ಎರಡನೆಯದನ್ನು ಚೀಟಿಯಿಲ್ಲದೆ ನುಂಗುತ್ತಿರುತ್ತಾರೆ.

ಸೌಮ್ಯ ಖಿನ್ನತೆ ಮತ್ತು ಆತಂಕಕ್ಕೆ ಥೆರಪಿಯೊಂದೇ ಎಷ್ಟೋ ಬಾರಿ ಸಾಕಾಗುತ್ತದೆ. ತೀವ್ರವಾಗಿದ್ದರೆ ಎರಡೂ ಬೇಕು. ಇಲ್ಲದ ಧ್ವನಿ ಕೇಳಿಸುವ ಸ್ಕಿಜೋಫ್ರೇನಿಯಾದಲ್ಲಿ, ಅತಿ ಉತ್ಸಾಹ ಮತ್ತು ಅತಿ ಕುಸಿತಗಳು ಸರದಿಯಂತೆ ಬರುವ ಬೈಪೋಲಾರ್ ತೊಂದರೆಯಲ್ಲಿ ಔಷಧವೇ ಮುಖ್ಯ, ಥೆರಪಿ ಅದಕ್ಕೆ ಜೊತೆ. ‘ಔಷಧ ಬಿಡಿಸಿ ಮಾತಿನಲ್ಲೇ ಗುಣಪಡಿಸುತ್ತೇನೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ನಮ್ಮ ಮನೆಯವರು ಇದನ್ನು ಗಾಳಿ ಸೋಕಿದ್ದು ಅನ್ನುತ್ತಾರೆ. ಥೆರಪಿಗೆ ಬಂದರೆ ದೇವರನ್ನು ಬಿಡಬೇಕೇ?

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು, ದರ್ಗಾದ ತಾಯತ ಕಟ್ಟಿಕೊಂಡವರು, ನಿಂಬೆಹಣ್ಣು ಇಳಿಸಿಕೊಂಡವರು ನನ್ನ ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ, ಮತ್ತು ನಾನು ಯಾರ ತಾಯತವನ್ನೂ ಬಿಚ್ಚಿಸಿಲ್ಲ. ಪೂಜೆಯಿಂದ, ನಮಾಜಿನಿಂದ, ಭಜನೆಯಿಂದ ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಅದನ್ನು ಚಿಕಿತ್ಸೆಯ ಜೊತೆಗೇ ಇಟ್ಟುಕೊಳ್ಳಿ. ನಾನು ವಿರೋಧಿಸುವುದು ಹೊಡೆಯುವುದನ್ನು, ಕಟ್ಟಿಹಾಕುವುದನ್ನು, ಉಪವಾಸ ಕೆಡವುವುದನ್ನು ಮತ್ತು ‘ಮೊದಲು ಇಲ್ಲಿ ಒಂಬತ್ತು ಅಮಾವಾಸ್ಯೆ ಮುಗಿಸಿ’ ಎಂದು ಔಷಧ ತಡೆಯುವುದನ್ನು.

ಒಂದು ವಿಷಯದಲ್ಲಿ ಮಾತ್ರ ಒಂದು ದಿನವೂ ಕಾಯಬೇಡಿ. ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆಯೇ ಇಲ್ಲದೆ, ಅಸಂಬದ್ಧವಾಗಿ ಮಾತನಾಡುತ್ತ, ಕೂಸಿನ ಬಗ್ಗೆ ವಿಚಿತ್ರ ಸಂಶಯ ಪಡುವ ಸ್ಥಿತಿಯನ್ನು ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆದರು. ಅದು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ, ತಾಯಿ ಮತ್ತು ಕೂಸು ಇಬ್ಬರಿಗೂ ಅಪಾಯವಿದೆ, ಮತ್ತು ಸಮಯಕ್ಕೆ ತೋರಿಸಿದರೆ ಚೆನ್ನಾಗಿ ಗುಣವಾಗುತ್ತದೆ. ಇದಕ್ಕಿಂತ ಬೇರೆಯದು ಬಾಣಂತಿಯ ಖಿನ್ನತೆ. ತವರುಮನೆಯಲ್ಲಿ ಎಲ್ಲರೂ ಕೂಸಿನ ಸುತ್ತ ಸೇರಿರುವಾಗ ಗೋಡೆಗೆ ಮುಖ ಮಾಡಿ ಸದ್ದಿಲ್ಲದೆ ಅಳುವ ಮಗಳನ್ನು ‘ನಾಟಕ’ ಎಂದು ಗದರಿಸಬೇಡಿ.

ಹಳೆಯ ನೋವನ್ನು ಕೆದಕಿದರೆ ಹೆಚ್ಚಾಗುವುದಿಲ್ಲವೇ?

ಅವಸರದಲ್ಲಿ ಕೆದಕಿದರೆ ಆಗುತ್ತದೆ. ದುರಂತ ನಡೆದ ಕೂಡಲೇ ಜನರನ್ನು ಕೂರಿಸಿ ‘ಎಲ್ಲ ಹೇಳಿಬಿಡಿ’ ಎಂದು ಒತ್ತಾಯಿಸುವುದು ಸರಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳು ನೀರಿನಲ್ಲಿ ನಿಂತವು. ನದಿದಂಡೆಯ ಊರಿನ ಒಬ್ಬ ತಾಯಿ ಆ ನಂತರದ ಪ್ರತಿ ಮಳೆಗಾಲದಲ್ಲೂ ರೇಷನ್ ಕಾರ್ಡು, ಆಧಾರ್, ಹೊಲದ ಉತಾರ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಾಗಿಲಿನ ಮೊಳೆಗೆ ನೇತುಹಾಕುತ್ತಿದ್ದರು. ಅದು ಜಾಣತನವೇ. ಆದರೆ ತಗಡಿನ ಮೇಲೆ ನಾಲ್ಕು ಹನಿ ಬಿದ್ದರೂ ಅವರು ರಾತ್ರಿಯೆಲ್ಲ ಆ ಚೀಲದ ಕೆಳಗೆ ಎಚ್ಚರವಾಗಿ ಕೂರುತ್ತಿದ್ದರು. ನಾವು ಮೊದಲ ಕೆಲವು ವಾರ ಪ್ರವಾಹದ ಮಾತನ್ನೇ ಎತ್ತಲಿಲ್ಲ. ಹೆದರಿಕೆ ಬಂದಾಗ ದೇಹವನ್ನು ಶಾಂತಗೊಳಿಸುವ ಬಗೆಯನ್ನು ಕಲಿತರು, ನಂತರ ಅವರ ಒಪ್ಪಿಗೆಯ ಮೇಲೆ, ಅವರು ನಿಲ್ಲಿಸು ಎಂದಲ್ಲಿ ನಿಲ್ಲಿಸುತ್ತ, ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಕೊನೆ ಎಂದರೆ ಮಕ್ಕಳೆಲ್ಲ ಗಂಜಿ ಕೇಂದ್ರ ತಲುಪಿದ್ದು. ಅವರ ನೆನಪು ಅಲ್ಲಿಯವರೆಗೆ ಯಾವತ್ತೂ ಹೋಗಿರಲೇ ಇಲ್ಲ, ನೀರು ಹೊಸ್ತಿಲು ದಾಟಿದಲ್ಲಿಯೇ ನಿಂತುಬಿಡುತ್ತಿತ್ತು. ಚೀಲ ಈಗಲೂ ಮೊಳೆಯಲ್ಲಿದೆ. ಅವರು ಮಲಗುತ್ತಾರೆ.

ಸಾಲ ಇರುವುದು ನಿಜ. ಮಾತಿನಿಂದ ಸಾಲ ತೀರುತ್ತದೆಯೇ?

ತೀರುವುದಿಲ್ಲ, ಮತ್ತು ಹಾಗೆ ಹೇಳುವುದು ರೈತರಿಗೆ ಮಾಡುವ ಮೋಸ. ಕಬ್ಬಿನ ಬಾಕಿ ಬರಬೇಕು, ದ್ರಾಕ್ಷಿಗೆ ದರ ಬರಬೇಕು. ಅವು ಮನಸ್ಸಿನ ಚಿಕಿತ್ಸೆಯಿಂದ ಬಗೆಹರಿಯುವ ವಿಷಯಗಳಲ್ಲ. ಆದರೆ ಖಿನ್ನತೆ ಬಂದಾಗ ಮನಸ್ಸು ಇರುವ ದಾರಿಗಳನ್ನೂ ಮುಚ್ಚಿಬಿಡುತ್ತದೆ; ಬ್ಯಾಂಕಿನವರ ಜೊತೆ ಮಾತನಾಡುವ, ಅಣ್ಣತಮ್ಮಂದಿರಿಗೆ ಹೇಳುವ, ಮುಂದಿನ ಹಂಗಾಮಿನವರೆಗೆ ಕಾಯುವ ಶಕ್ತಿಯನ್ನೇ ಕಸಿಯುತ್ತದೆ. ಆ ಶಕ್ತಿಯನ್ನು ಮರಳಿ ಕೊಡಲು ಚಿಕಿತ್ಸೆಗೆ ಸಾಧ್ಯವಿದೆ.

‘ಸಾಯೋ ವಿಚಾರ ಬರ್ತದೇನ್ರಿ’ ಎಂದು ಕೇಳಿದರೆ ಆ ಯೋಚನೆ ಇಲ್ಲದವರಿಗೂ ಬರುತ್ತದೆ ಎಂಬ ನಂಬಿಕೆ ತಪ್ಪು. ಕೇಳುವುದರಿಂದ ಎದೆಯ ಭಾರ ಇಳಿಯುತ್ತದೆ. ಮನೆಯಲ್ಲಿ ಯಾರಾದರೂ ‘ನಾ ಇದ್ದು ಏನ ಉಪಯೋಗ’ ಎನ್ನತೊಡಗಿದರೆ ನೇರವಾಗಿ, ಮೆತ್ತಗೆ ಕೇಳಿ, ಒಂಟಿಯಾಗಿ ಬಿಡಬೇಡಿ, ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಿಂದ ಹೊರಗೆ, ಬೇರೆಯವರ ಬೀಗದಲ್ಲಿಡಿ, ಅಂದೇ ಆಸ್ಪತ್ರೆಗೆ ಕರೆತನ್ನಿ. ‘ಪೊಲೀಸ್ ಕೇಸ್ ಆಗುತ್ತದೆ’ ಎಂದು ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎನ್ನುತ್ತದೆ, ಅವರಿಗೆ ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ.

ನಮ್ಮದು ಸಣ್ಣ ಊರು. ಎಲ್ಲರಿಗೂ ಗೊತ್ತಾದರೆ ಮಗಳ ಮದುವೆ ಹೇಗೆ?

ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದೇ 2017ರ ಕಾಯ್ದೆ ನಿಮ್ಮ ಮಾಹಿತಿಯ ಗೌಪ್ಯತೆಯನ್ನು ನಿಮ್ಮ ಹಕ್ಕನ್ನಾಗಿ ಮಾಡಿದೆ. ಬೀಗರು ಫೋನ್ ಮಾಡಿ ಕೇಳಿದರೂ, ನೀವು ನನ್ನ ಬಳಿ ಬಂದಿದ್ದೀರೋ ಇಲ್ಲವೋ ಎಂಬುದನ್ನು ಸಹ ನಾನು ಹೇಳುವಂತಿಲ್ಲ. ಅಪವಾದಗಳು ಕೆಲವೇ: ನಿಮ್ಮ ಜೀವಕ್ಕೋ ಬೇರೆಯವರಿಗೋ ಅಪಾಯವಿದ್ದಾಗ, ಚಿಕಿತ್ಸೆಗಾಗಿ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕಾದಾಗ, ನ್ಯಾಯಾಲಯದಂಥ ಅಧಿಕಾರವುಳ್ಳವರ ಆದೇಶವಿದ್ದಾಗ, ಮತ್ತು 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದಾಗ, ಕೊನೆಯದನ್ನು 2012ರ ಪೋಕ್ಸೋ ಕಾಯ್ದೆಯಂತೆ ವರದಿ ಮಾಡಲೇಬೇಕು. ಇವನ್ನು ಮೊದಲ ದಿನವೇ ನಿಮಗೆ ಹೇಳಬೇಕು. ಆಸ್ಪತ್ರೆಯ ಪಡಸಾಲೆಯಲ್ಲಿ ಪರಿಚಯದವರು ಕಾಣುವುದನ್ನು ಮಾತ್ರ ಯಾವ ಕಾಯ್ದೆಯೂ ತಡೆಯದು. ಅದಕ್ಕೆಂದು ವಿಜಯಪುರದವರು ಬಾಗಲಕೋಟೆಗೆ, ಬಾಗಲಕೋಟೆಯವರು ಬೆಳಗಾವಿಗೆ ಹೋಗುವುದುಂಟು. ಹಾಗೆ ಮಾಡಿದರೂ ಸರಿಯೇ.

ಎಷ್ಟು ದಿನ ಬರಬೇಕು? ಜೀವನಪೂರ್ತಿಯೇ?

ಆತಂಕ ಮತ್ತು ಖಿನ್ನತೆಗೆ ಸಿಬಿಟಿ ಸಾಮಾನ್ಯವಾಗಿ 12ರಿಂದ 20 ಭೇಟಿಗಳಲ್ಲಿ ಮುಗಿಯುತ್ತದೆ. ಒಂದು ಭೇಟಿ 45ರಿಂದ 60 ನಿಮಿಷ. ಬಾಲ್ಯದಿಂದ ಬಂದ ಆಳದ ಗಾಯಗಳಿಗೆ ಹೆಚ್ಚು ಕಾಲ ಬೇಕಾಗುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಸೋಫಾದ ಮೇಲೆ ಮಲಗುವುದಿಲ್ಲ, ಎದುರುಬದುರು ಕುರ್ಚಿಯಲ್ಲಿ ಕೂರುತ್ತೇವೆ.

ಹೋದರೂ ಪ್ರಯೋಜನವಾಗದಿದ್ದರೆ?

ಎಲ್ಲರಿಗೂ ಫಲ ಸಿಗುವುದಿಲ್ಲ, ಮತ್ತು ಮೊದಲ ಕೆಲವು ವಾರ ಮನಸ್ಸು ಇನ್ನಷ್ಟು ಕಲಕಿದಂತೆ ಅನಿಸುವುದೂ ಉಂಟು. ಆರು ಭೇಟಿಗಳಾದರೂ ಏನೂ ಕದಲದಿದ್ದರೆ ಅದನ್ನು ಥೆರಪಿಸ್ಟರ ಮುಂದೆಯೇ ಹೇಳಿ. ಬಗೆ ಬದಲಿಸಬೇಕಾಗಬಹುದು, ಥೈರಾಯ್ಡಿನಂಥ ದೇಹದ ಕಾರಣ ಇದೆಯೇ ಎಂದು ನೋಡಬೇಕಾಗಬಹುದು, ಥೆರಪಿಸ್ಟರನ್ನೇ ಬದಲಿಸಬೇಕಾಗಬಹುದು. ನಿಮ್ಮ ಜಾತಿ, ಧರ್ಮ, ಉಡುಗೆಯನ್ನು ಹೀಯಾಳಿಸುವವರನ್ನು, ಮೈ ಮುಟ್ಟುವವರನ್ನು, ಹೊರಗೆ ಒಬ್ಬರೇ ಭೇಟಿಯಾಗಿ ಎನ್ನುವವರನ್ನು ಆ ಕ್ಷಣವೇ ಬಿಡಿ. ಅದು ಚಿಕಿತ್ಸೆಯಲ್ಲ, ಅಪರಾಧವೂ ಆಗಿರಬಹುದು.

ಎಲ್ಲಿಗೆ ಹೋಗಬೇಕು? ಇಂಗ್ಲಿಷ್ ಬಾರದವರಿಗೆ ನಡೆಯುತ್ತದೆಯೇ?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಶಿಬಿರಗಳನ್ನು ನಡೆಸಲಾಗುತ್ತದೆ; ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆಯರಲ್ಲಿ ಕೇಳಿಕೊಳ್ಳಿ. ಬೆಳಗಾವಿಯ ಬಿಮ್ಸ್ ಸೇರಿದಂತೆ ಮೂರೂ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಹೊರಡುವುದಕ್ಕೇ ಧೈರ್ಯ ಸಾಲದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು.

ಭಾಷೆಯ ವಿಷಯದಲ್ಲಿ ನನ್ನದೊಂದು ಆಗ್ರಹವಿದೆ. ‘ಖಿನ್ನತೆ’ ಎಂಬ ಶಬ್ದ ನಮ್ಮ ಮನೆಗಳಲ್ಲಿಲ್ಲ. ಜನ ‘ಬ್ಯಾಸರ’, ‘ಹೊಟ್ಟ್ಯಾಗ ಸಂಕಟ’, ‘ಜೀವಕ್ಕ ಸಮಾಧಾನ ಇಲ್ರಿ’ ಎನ್ನುತ್ತಾರೆ. ಪುಸ್ತಕದ ಶಬ್ದ ಹುಡುಕುವ ಗೋಜಿಗೆ ಹೋಗದೆ ಮನೆಯಲ್ಲಿ ಆಡುವಂತೆಯೇ ಹೇಳಿ. ಮರಾಠಿಯಲ್ಲೋ ಉರ್ದುವಿನಲ್ಲೋ ಅಳು ಬರುವುದಾದರೆ ಆ ಭಾಷೆ ಬಲ್ಲವರನ್ನು ಕೇಳಿಕೊಳ್ಳಿ, ಬೆಳಗಾವಿ ಮತ್ತು ವಿಜಯಪುರದಲ್ಲಿ ಸಿಗುತ್ತಾರೆ.

ಮೊದಲ ದಿನ ಏನು ತರಬೇಕು, ಏನು ಹೇಳಬೇಕು?

ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಗುಳಿಗೆಗಳು, ನಾಟಿ ಔಷಧವಿದ್ದರೆ ಅದನ್ನೂ ತನ್ನಿ. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತೇವೆ, ಬೇಸರಿಸಬಾರದು. ನಿದ್ದೆ, ಊಟ, ಕೆಲಸ, ಯಾವಾಗಿನಿಂದ ಹೀಗೆ ಎಂಬುದನ್ನು ಕೇಳುತ್ತೇವೆ. ಎಲ್ಲವನ್ನೂ ಅಂದೇ ಹೇಳಬೇಕಾಗಿಲ್ಲ. ಮಾತೇ ಹೊರಡದಿದ್ದರೆ ಮನೆಯಲ್ಲಿಯೇ ನಾಲ್ಕು ಸಾಲು ಬರೆದುಕೊಂಡು ಬಂದು ಚೀಟಿಯನ್ನು ಮೇಜಿನ ಮೇಲಿಡಿ. ಓದಿ, ಅಲ್ಲಿಂದಲೇ ಶುರು ಮಾಡುತ್ತೇವೆ.